ಅಪ್ಪನ ನುಡಿ, ಮಗಳ ಉಬುಂಟು: ಗದಗದ ಒಂದು ಡ್ಯುಯಲ್ ಬೂಟ್ ಪ್ರಕರಣ

2024ರ ದೀಪಾವಳಿ ಮುಗಿದ ವಾರ. ತುಳಸಿ ಲಗ್ನಕ್ಕೆ ಇನ್ನೂ ಏಳೆಂಟು ದಿನ ಇತ್ತು. ಗದಗದಿಂದ ಬೆಳಗಿನ ರೈಲು ಹಿಡಿದು ತಂದೆ, ಮಗಳು ಇಬ್ಬರೂ ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಗೆ ಬಂದರು. ಮಗಳು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಟೇಬಲ್ ಮೇಲಿಟ್ಟಳು. ತಂದೆ ಕೂತುಕೊಳ್ಳಲೂ ಇಲ್ಲ.

"ಸರ, ಇದರಾಗ ನಲವತ್ತು ಲಗ್ನಪತ್ರಿಕಿ ಅದಾವ್ರಿ. ಅವು ಕೈಗೆ ಸಿಕ್ರ ಸಾಕು. ಮಿಷನ್ ಹೋದ್ರ ಹೋಗ್ಲಿ" ಅಂದರು.

ಆನ್ ಮಾಡಿದೆ. ನೀಲಿ ಪರದೆ ಬಂತು. 48 ಅಂಕಿಯ ರಿಕವರಿ ಕೀ ಹಾಕಿ ಅಂತ ಕೇಳುತ್ತಿತ್ತು. ಆ ಕೀ ಅವರ ಹತ್ತಿರ ಇರಲಿಲ್ಲ. ಅಂಥದ್ದೊಂದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಇಂಥ ಲ್ಯಾಪ್‌ಟಾಪ್‌ಗಳು ನನ್ನ ಟೇಬಲ್ ಮೇಲೆ ಆಗಾಗ ಬರುತ್ತವೆ. ಇದೊಂದನ್ನು ಪೂರ್ತಿ ಬರೆಯುವುದಕ್ಕೆ ಕಾರಣ ಇದೆ. ವಿಂಡೋಸ್ ಪಕ್ಕದಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿ, ಆನ್ ಮಾಡುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಾಗೆ ಮಾಡುವುದಕ್ಕೆ ಡ್ಯುಯಲ್ ಬೂಟ್ ಅನ್ನುತ್ತಾರೆ. ಅದು ಅರ್ಧ ಗಂಟೆಯ ಕೆಲಸ. ಅದನ್ನು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಆದರೆ ಜನ ಫೈಲ್ ಕಳೆದುಕೊಳ್ಳುವುದು ಆ ಅರ್ಧ ಗಂಟೆಯಲ್ಲಿ ಅಲ್ಲ. ಅದಕ್ಕಿಂತ ಮೊದಲು, ವಿಂಡೋಸ್ ಕಡೆಯ ತಯಾರಿ ಮಾಡದೆ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಪ್ರೋಗ್ರಾಂಗೆ) ಕೈ ಹಾಕಿದಾಗ. ಈ ಹುಡುಗಿಗೆ ಆದದ್ದೂ ಅದೇ.

ಎರಡು ಯಾಕೆ ಬೇಕಾಯಿತು

ಗದಗ ಮೊದಲಿನಿಂದಲೂ ಮುದ್ರಣದ ಊರು. ಇವರ ತಂದೆಯದು ಅಲ್ಲೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಇಷ್ಟೇ ಕೆಲಸ. ಅಂಗಡಿಯ ಹಳೇ ಡೆಸ್ಕ್‌ಟಾಪ್ ಕೆಟ್ಟ ಮೇಲೆ ಎರಡು ವರ್ಷದಿಂದ ಈ ಲ್ಯಾಪ್‌ಟಾಪೇ ಗತಿ. ಸೆಕೆಂಡ್ ಹ್ಯಾಂಡ್ ತಂದದ್ದು. 10ನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಹಗಲು ಅಪ್ಪನ ಕೈಯಲ್ಲಿ, ರಾತ್ರಿ ಮತ್ತು ಭಾನುವಾರ ಮಗಳ ಕೈಯಲ್ಲಿ.

ಅಪ್ಪನ ಕೆಲಸ ನಿಂತಿರುವುದು ಮೂರರ ಮೇಲೆ. ಕನ್ನಡ ಒತ್ತುವುದಕ್ಕೆ ನುಡಿ, ಪುಟ ಜೋಡಿಸುವುದಕ್ಕೆ ಪೇಜ್‌ಮೇಕರ್ 7, ಡಿಸೈನ್‌ಗೆ ಕೋರಲ್ ಡ್ರಾ. ಕನ್ನಡದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಕೆಲಸ, ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಪ್ರೆಸ್ಸುಗಳಲ್ಲಿ ಇವತ್ತಿಗೂ ಜಾಸ್ತಿ ಬಳಕೆಯಲ್ಲಿರುವುದು ನುಡಿಯ ಹಳೇ ಬಗೆಯ ಫಾಂಟುಗಳು, ಯೂನಿಕೋಡ್ ಅಲ್ಲ. ಅದರಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರ್ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟು ಆ ಸಂಕೇತದ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿ ತೋರಿಸುತ್ತದೆ. ಆ ಫಾಂಟು ಇಲ್ಲದ ಕಡೆ ಫೈಲು ತೆಗೆದರೆ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಅನ್ನುವ ಸಾಲು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ನಿಲ್ಲುತ್ತದೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ಹತ್ತು ವರ್ಷದ ಪತ್ರಿಕೆಗಳೆಲ್ಲ ಅದರಲ್ಲೇ ಇವೆ. ಹಾಗಾಗಿ ವಿಂಡೋಸ್ ತೆಗೆಯುವ ಮಾತೇ ಇಲ್ಲ.

ಮಗಳು ಎಂಸಿಎ ಮೊದಲ ವರ್ಷ. ಲಿನಕ್ಸ್ ಅಡ್ಮಿನಿಸ್ಟ್ರೇಷನ್ ಲ್ಯಾಬ್ ಇತ್ತು. ಮೊದಲು ವಿಂಡೋಸ್ ಒಳಗೇ ಇನ್ನೊಂದು ಸಿಸ್ಟಂ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ ನೋಡಿದ್ದಳು. 8 ಜಿಬಿಯಲ್ಲಿ 4 ಜಿಬಿ ಉಬುಂಟುಗೆ ಕೊಟ್ಟರೆ ವಿಂಡೋಸ್ ಏದುಸಿರು ಬಿಡುತ್ತಿತ್ತು. 2 ಜಿಬಿ ಕೊಟ್ಟರೆ ಉಬುಂಟು ಅಲುಗಾಡುತ್ತಿರಲಿಲ್ಲ.

ಡಬ್ಲ್ಯುಎಸ್‌ಎಲ್ ಸಾಕಲ್ವಾ ಅಂತ ನಾನೂ ಕೇಳಿದೆ. ವಿಂಡೋಸ್ ಒಳಗೇ ಲಿನಕ್ಸ್ ಟರ್ಮಿನಲ್ ಕೊಡುವ ವ್ಯವಸ್ಥೆ ಅದು. ಸುಮ್ನೆ ಸಿ ಪ್ರೋಗ್ರಾಂ, ಪೈಥಾನ್, ಶೆಲ್ ಸ್ಕ್ರಿಪ್ಟ್ ಕಲಿಯುವವರಿಗೆ ನಾನು ಡ್ಯುಯಲ್ ಬೂಟ್ ಬೇಡ ಅಂತಲೇ ಹೇಳುತ್ತೇನೆ. ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ, ಡಿಸ್ಕ್ ಮುಟ್ಟಬೇಡಿ ಅನ್ನುತ್ತೇನೆ. ಆದರೆ ಇವಳು ಕಲಿಯಬೇಕಿದ್ದದ್ದು ಡಿಸ್ಕನ್ನು ಭಾಗ ಮಾಡುವ ಪಾರ್ಟಿಷನ್, ಸಿಸ್ಟಂ ಎಬ್ಬಿಸುವ ಬೂಟ್ ಲೋಡರ್, ಯಂತ್ರ ಏಳುವಾಗ ಯಾವ ಸರ್ವಿಸ್ ಯಾವಾಗ ಶುರುವಾಗುತ್ತದೆ ಅನ್ನುವುದು. ಡಬ್ಲ್ಯುಎಸ್‌ಎಲ್‌ಗೆ ತನ್ನದೇ ಬೂಟ್ ಲೋಡರ್ ಇಲ್ಲ. ಅವಳ ಬೇಡಿಕೆ ನ್ಯಾಯವಾದದ್ದೇ ಅನಿಸಿತು. ಹೊರಗಿನ ಎಸ್‌ಎಸ್‌ಡಿ ಒಂದನ್ನು ತಂದು ಅದರ ಮೇಲೆ ಉಬುಂಟು ಹಾಕಬಹುದಿತ್ತು. ನನ್ನನ್ನು ಕೇಳಿದರೆ ಅದು ಎಲ್ಲಕ್ಕಿಂತ ಸುರಕ್ಷಿತ ದಾರಿ. ಆದರೆ ಸೀಸನ್ ಮುಗಿಯುವವರೆಗೆ ಹೊಸ ಖರ್ಚು ಬೇಡ ಅಂತ ತಂದೆ ಅಂದರು.

ಮನೆಯಲ್ಲಿ ನಡೆದದ್ದು

ಅವಳೇ ಹೇಳಿದ ಹಾಗೆ ಬರೆಯುತ್ತೇನೆ. ಭಾನುವಾರ ರಾತ್ರಿ ಪೆನ್‌ಡ್ರೈವ್‌ನಲ್ಲಿ ಉಬುಂಟು 24.04 ಹಾಕಿಕೊಂಡು ಲ್ಯಾಪ್‌ಟಾಪ್ ಅದರಿಂದ ಬೂಟ್ ಮಾಡಿದಳು. ಇನ್‌ಸ್ಟಾಲರ್ ಅರ್ಧಕ್ಕೇ ನಿಂತಿತು. ಈ ಯಂತ್ರದಲ್ಲಿ ಇಂಟೆಲ್ ಆರ್‌ಎಸ್‌ಟಿ ಆನ್ ಇದೆ, ಅದನ್ನು ಆಫ್ ಮಾಡಿ ಬನ್ನಿ ಅಂದಿತು.

ಆರ್‌ಎಸ್‌ಟಿ ಅನ್ನುವುದು ಡಿಸ್ಕ್ ನಡೆಸುವ ಇಂಟೆಲ್‌ನ ಒಂದು ವಿಧಾನ. ಈ ಲ್ಯಾಪ್‌ಟಾಪಿನಂಥ ಯಂತ್ರಗಳಲ್ಲಿ ಅದು ಆನ್ ಇದ್ದರೆ ಎಸ್‌ಎಸ್‌ಡಿ ಒಂದು ಪರದೆಯ ಹಿಂದೆ ಕೂತ ಹಾಗೆ. ವಿಂಡೋಸ್ ಹತ್ತಿರ ಅದಕ್ಕೆ ಬೇಕಾದ ಡ್ರೈವರ್ ಇರುತ್ತದೆ, ಅದಕ್ಕೆ ಕಾಣುತ್ತದೆ. ಉಬುಂಟುಗೆ ಕಾಣುವುದಿಲ್ಲ. ಎಎಚ್‌ಸಿಐ ಅನ್ನುವ ಸಾಮಾನ್ಯ ವಿಧಾನಕ್ಕೆ ಬದಲಿಸಿದರೆ ಕಾಣುತ್ತದೆ.

ಅವಳು ಬಯೋಸ್‌ಗೆ ಹೋಗಿ ಆರ್‌ಎಸ್‌ಟಿ ತೆಗೆದು ಎಎಚ್‌ಸಿಐ ಮಾಡಿದಳು. ಅವಳು ನೋಡುತ್ತಿದ್ದ ವಿಡಿಯೋ ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇರುವ ಪ್ರೋಗ್ರಾಂನಿಂದ ಮಾತ್ರ ಯಂತ್ರ ಏಳಲು ಬಿಡುವ ಕಾವಲು) ಕೂಡ ಆಫ್ ಮಾಡಿ ಅಂತ ಹೇಳಿತ್ತು. ಅದನ್ನೂ ಮಾಡಿದಳು. ಮುಂದೆ ಹೋಗುವ ಮೊದಲು ಒಂದು ಸಲ ವಿಂಡೋಸ್ ಬರುತ್ತದೋ ಇಲ್ಲವೋ ನೋಡೋಣ ಅಂತ ಪೆನ್‌ಡ್ರೈವ್ ತೆಗೆದು ಆನ್ ಮಾಡಿದಳು. ಆಗ ಬಂತು ನೀಲಿ ಪರದೆ.

ಆ ರಾತ್ರಿ ಅವಳು ಮಾಡಿದ ಎರಡು ಕೆಲಸಗಳಿಂದಲೇ ಮುಂದೆ ಎಲ್ಲವೂ ಉಳಿಯಿತು. ಇನ್‌ಸ್ಟಾಲರ್‌ಗೆ ವಾಪಸ್ ಹೋಗಲಿಲ್ಲ. ಇನ್ನೊಂದು, ಬಯೋಸ್‌ನಲ್ಲಿ ಏನನ್ನೇ ಬದಲಿಸುವ ಮೊದಲು ಆ ಪರದೆಯ ಫೋಟೋ ಹೊಡೆದುಕೊಂಡಿದ್ದಳು.

ಬೆಳಿಗ್ಗೆ ಪಕ್ಕದ ಅಂಗಡಿಯವರೊಬ್ಬರು ನೋಡಿ, ಕೀ ಇಲ್ಲ ಅಂದರೆ ಫಾರ್ಮ್ಯಾಟ್ ಮಾಡುವುದೊಂದೇ ದಾರಿ ಅಂದರಂತೆ. ತಂದೆ ಒಪ್ಪಲಿಲ್ಲ. ಸೀದಾ ಸ್ಟೇಷನ್‌ಗೆ ಹೊರಟರು.

ಕೀ ಯಾರ ಹತ್ತಿರ

ಬೀಗ ಹಾಕಿದ್ದು ಯಾರು ಅಂತ ತಂದೆ ಕೇಳಿದರು. "ನಾವಂತೂ ಏನೂ ಹಾಕಿಲ್ರಿ ಸರ." ಅದು ನಿಜವೇ. ಡಿವೈಸ್ ಎನ್‌ಕ್ರಿಪ್ಷನ್ ಅಂತ ವಿಂಡೋಸ್‌ನಲ್ಲಿ ಒಂದು ಸೌಲಭ್ಯ ಇದೆ. ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದ ಹಾಗೆ ಮಾಡುತ್ತದೆ, ಬಿಟ್‌ಲಾಕರ್ ಅನ್ನುವ ವಿಂಡೋಸ್ ಬೀಗದ್ದೇ ಸಣ್ಣ ರೂಪ. ಯಂತ್ರದಲ್ಲಿ ಕೀ ಕಾಯುವ ಟಿಪಿಎಂ ಚಿಪ್ ಇದ್ದು, ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗುತ್ತದೆ. 48 ಅಂಕಿಯ ಕೀ ಆ ಅಕೌಂಟ್‌ಗೆ ಹೋಗಿ ಕೂರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದರ ನಿಯಮ ಇನ್ನೂ ಸಡಿಲವಾಗಿದೆ. ಹೊಸದಾಗಿ ವಿಂಡೋಸ್ ಹಾಕಿಸುವಾಗ ಮೊದಲಿಗಿಂತ ಜಾಸ್ತಿ ಯಂತ್ರಗಳಲ್ಲಿ ಬೀಗ ಬೀಳುತ್ತದೆ.

ಹಾಗಾದರೆ ಅಕೌಂಟ್ ಯಾರದು? ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ ತನ್ನದೇ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟಿದ್ದ. ಇವರಿಗೆ ನಾಲ್ಕಂಕಿಯ ಪಿನ್ ಒಂದನ್ನು ಹೇಳಿ ಕಳಿಸಿದ್ದ. ಅವನು ಆ ಕೆಲಸ ಬಿಟ್ಟು ಹೋಗಿದ್ದಾನೆ, ಫೋನ್ ನಂಬರ್ ಬದಲಾಗಿದೆ. ಎರಡು ವರ್ಷ ಈ ಕುಟುಂಬದ ದುಡಿಮೆಯೆಲ್ಲ ಯಾರೋ ಹುಡುಗನ ಹೆಸರಿನ ಬೀಗದೊಳಗೆ ಇತ್ತು. ನಮ್ಮ ಕಡೆ ಇದು ತೀರಾ ಸಾಮಾನ್ಯ. ಗಿರಾಕಿಗೆ ಮೇಲ್ ಐಡಿ ನೆನಪಿರುವುದಿಲ್ಲ, ಅಂಗಡಿಯವರಿಗೆ ಅವಸರ. ನಾನು ಇದನ್ನು ಸಣ್ಣ ತಪ್ಪು ಅಂತ ಬಿಡುವುದಿಲ್ಲ. ಬೇರೆಯವರ ಮನೆಗೆ ಬೀಗ ಹಾಕಿ ಕೀಲಿ ನಮ್ಮ ಕಿಸೆಯಲ್ಲಿ ಇಟ್ಟುಕೊಂಡ ಹಾಗೆ ಅದು.

ಆದರೆ ಕೀ ಸಿಗದಿದ್ದರೂ ಒಂದು ದಾರಿ ಇತ್ತು. ಟಿಪಿಎಂ ಚಿಪ್ಪಿನ ಕೆಲಸ ಹೇಗಿದೆ ಅಂದರೆ, ಯಂತ್ರ ಏಳುವಾಗ ಅದು ಕೆಲವು ಅಳತೆ ತೆಗೆದುಕೊಳ್ಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದೆಯಾ, ಮೊದಲು ಓಡುವ ಪ್ರೋಗ್ರಾಂಗೆ ಯಾರ ಸಹಿ ಇದೆ, ಇಂಥವು. ಬೀಗ ಹಾಕಿದ ದಿನದ ಅಳತೆಗೂ ಇವತ್ತಿನದಕ್ಕೂ ತಾಳೆಯಾದರೆ ಸುಮ್ಮನೆ ಕೀ ಕೊಟ್ಟುಬಿಡುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ತಾಳೆಯಾಗದಿದ್ದರೆ 48 ಅಂಕಿ ಕೇಳುತ್ತದೆ. ಹಾಗಾದರೆ ಬದಲಿಸಿದ್ದನ್ನು ಮೊದಲಿನ ಹಾಗೇ ಇಟ್ಟರೆ ತಾಳೆಯಾಗಬೇಕು.

ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ. ಕೀ ಕೇಳುವ ಪರದೆ ಹೋಯಿತು. ತಂದೆಯ ಮುಖ ಅರಳಿತು. ಎರಡೇ ಸೆಕೆಂಡು. ಇನ್ನೊಂದು ನೀಲಿ ಪರದೆ ಬಂತು, ಈ ಸಲ ಅಳುಮೋರೆಯದು. ಕೆಳಗೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂತ ಇತ್ತು.

ನನಗೆ ಅದರಿಂದ ಸಮಾಧಾನವೇ ಆಯಿತು. ಬೀಗ ತೆಗೆದಿದೆ, ಒಳಗೆ ಹೋದ ವಿಂಡೋಸ್‌ಗೆ ತನ್ನ ಡಿಸ್ಕ್ ಸಿಗುತ್ತಿಲ್ಲ ಅಂತ ಅರ್ಥ. ಮೊದಲ ತೊಂದರೆಯ ಹಿಂದೆ ಎರಡನೆಯದು ಅಡಗಿ ಕೂತಿತ್ತು.

"ತಂಗಿ, ಸೆಕ್ಯೂರ್ ಬೂಟ್ ಬಿಟ್ಟು ಮತ್ತೇನರ ಮುಟ್ಟೀಯೇನು?"

ಅವಳು ಮೊಬೈಲ್ ತೆಗೆದು ಫೋಟೋ ತೋರಿಸಿದಳು. ಸಾಟಾ ಮೋಡ್ ಅನ್ನುವ ಸಾಲಿನ ಮುಂದೆ ಆರ್‌ಎಸ್‌ಟಿ ಅಂತ ಸ್ಪಷ್ಟವಾಗಿ ಇತ್ತು. ವಾಪಸ್ ಅದಕ್ಕೇ ಬದಲಿಸಿದೆ. ಸೇವ್ ಮಾಡಿ ರೀಸ್ಟಾರ್ಟ್. ಪಿನ್ ಕೇಳಿತು. ಡೆಸ್ಕ್‌ಟಾಪ್ ಬಂತು, "ಲಗ್ನ 2024" ಅನ್ನುವ ಫೋಲ್ಡರ್ ಎಡಗಡೆ ಮೊದಲ ಸಾಲಿನಲ್ಲೇ ಇತ್ತು. ತಂದೆ ಆಗ ಕುರ್ಚಿ ಎಳೆದುಕೊಂಡು ಕೂತರು.

ಇನ್‌ಸ್ಟಾಲ್‌ಗೆ ಮೊದಲಿನ ಅರ್ಧ ದಿನ

ಅಲ್ಲಿಗೇ ಅವರು ಹೊರಟಿದ್ದರೆ ಬೀಗ ಹಾಗೇ ಇರುತ್ತಿತ್ತು. ಒಳಗೆ ಹೋದ ಕೂಡಲೇ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು, ಮ್ಯಾನೇಜ್-ಬಿಡಿಇ ಅನ್ನುವ ಕಮಾಂಡ್‌ನಿಂದ ಸಿ ಡ್ರೈವ್‌ನ ರಿಕವರಿ ಕೀ ತೆರೆಯ ಮೇಲೆ ತರಿಸಿದೆ. ಒಳಗಿರುವಾಗ ಆ ಕೀ ನೋಡಲು ಯಾರ ಅಕೌಂಟೂ ಬೇಕಾಗಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಫೋಟೋ ತೆಗೆದಿಟ್ಟುಕೊಂಡೆವು.

ಆಮೇಲೆ ಫೈಲುಗಳು. ಪತ್ರಿಕೆಗಳು, ಕೋರಲ್ ಡಿಸೈನ್‌ಗಳು, ನುಡಿ ಫಾಂಟುಗಳು, ಎಲ್ಲ ಸೇರಿ 74 ಜಿಬಿ ಆಯಿತು. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿಂದ ನಾಲ್ಕೈದು ಪತ್ರಿಕೆಗಳನ್ನು ನನ್ನ ಕಂಪ್ಯೂಟರಿನಲ್ಲಿ ತೆಗೆದು ತಂದೆಗೆ ತೋರಿಸಿದೆ. ಕಾಪಿ ಆಯಿತು ಅನ್ನುವುದು ಬೇರೆ, ತೆರೆಯುತ್ತದೆ ಅನ್ನುವುದು ಬೇರೆ.

ಹುಡುಗನ ಅಕೌಂಟ್ ತೆಗೆದು ಅದೇ ಪ್ರೊಫೈಲನ್ನು ತಂದೆಯ ಹೆಸರಿನ ಲೋಕಲ್ ಅಕೌಂಟ್‌ಗೆ ಬದಲಿಸಿದೆ, ಪಾಸ್‌ವರ್ಡ್ ಇಟ್ಟೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಮುಂದೆ ಸೇಫ್ ಮೋಡ್‌ಗೆ, ಅಂದರೆ ತೀರಾ ಬೇಕಾದಷ್ಟೇ ಡ್ರೈವರ್‌ಗಳಿಂದ ಏಳುವ ವಿಂಡೋಸ್‌ಗೆ, ಹೋಗಬೇಕಿತ್ತು. ಅಲ್ಲಿ ಪಿನ್ ಕೆಲವೊಮ್ಮೆ ಕೈಕೊಡುತ್ತದೆ, ಪಾಸ್‌ವರ್ಡ್ ಬೇಕಾಗುತ್ತದೆ. ಹುಡುಗನ ಪಾಸ್‌ವರ್ಡ್ ನಮ್ಮ ಹತ್ತಿರ ಎಲ್ಲಿಂದ ಬರಬೇಕು?

ಎನ್‌ಕ್ರಿಪ್ಷನ್ ಅನ್ನು ಸ್ವಲ್ಪ ಹೊತ್ತು ತಡೆಹಿಡಿಯಬಹುದು, ಪೂರ್ತಿ ತೆಗೆಯಬೇಕಾಗಿಲ್ಲ. ಎಷ್ಟೋ ಕಡೆ ಅಷ್ಟೇ ಸಾಕು. ಇಲ್ಲಿ ನಾನು ಪೂರ್ತಿ ತೆಗೆದೆ. ಹಳೇ ಕೀ ಯಾರದೋ ಅಕೌಂಟಿನಲ್ಲಿ ಉಳಿದಿತ್ತು. ಬೀಗ ತೆಗೆದು ಕಡೆಗೆ ಹೊಸದಾಗಿ ಹಾಕಿದರೆ ಹೊಸ ಕೀ ಹುಟ್ಟುತ್ತದೆ, ಹಳೆಯದು ಕೆಲಸಕ್ಕೆ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಒತ್ತಿ ಒಂದು ಗಂಟೆಗೂ ಜಾಸ್ತಿ ಕಾದೆವು. ಗಿರ್ಮಿಟ್ ತರಿಸಿದೆ. ತಂದೆ ತಿನ್ನುತ್ತಾ ಹಳೇ ಅಚ್ಚುಮೊಳೆ ಜೋಡಿಸುವ ಕಾಲದ ಮಾತು ಹೇಳಿದರು. ಆಗ ಒಂದು ಪುಟ ಕೈ ಜಾರಿ ಬಿದ್ದರೆ ಅರ್ಧ ದಿನದ ಕೆಲಸ ನೆಲದ ಮೇಲೆ, ಆದರೆ ಮೊಳೆ ಅಲ್ಲೇ ಇರುತ್ತಿತ್ತು, ಆರಿಸಿಕೊಳ್ಳಬಹುದಿತ್ತು ಅಂದರು.

ಆರ್‌ಎಸ್‌ಟಿಯಿಂದ ಎಎಚ್‌ಸಿಐಗೆ ಹೋಗುವುದಕ್ಕೂ ಒಂದು ಕ್ರಮ ಇದೆ. ನೇರವಾಗಿ ಬಯೋಸ್‌ನಲ್ಲಿ ಬದಲಿಸಿದರೆ ಅಳುಮೋರೆ ಬರುತ್ತದೆ, ಯಾಕೆಂದರೆ ವಿಂಡೋಸ್ ಏಳುವಾಗ ಆರ್‌ಎಸ್‌ಟಿ ಡ್ರೈವರ್ ಒಂದನ್ನೇ ಎಬ್ಬಿಸುವ ಅಭ್ಯಾಸ ಮಾಡಿಕೊಂಡಿರುತ್ತದೆ. ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್ ಟ್ಯಾಬ್‌ಗೆ ಹೋಗಿ ಸೇಫ್ ಬೂಟ್‌ಗೆ ಟಿಕ್ ಹಾಕಬೇಕು. ರೀಸ್ಟಾರ್ಟ್ ಆಗುವಾಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಬೇಕು. ಸೇಫ್ ಮೋಡ್‌ನಲ್ಲಿ ಎದ್ದ ವಿಂಡೋಸ್ ಮಾಮೂಲಿ ಡ್ರೈವರ್ ಹುಡುಕಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಬೇಕು. ಮೂರು ನಿಮಿಷದ ಕೆಲಸ. ಮಗಳ ಕೈಯಲ್ಲೇ ಮಾಡಿಸಿದೆ. ಅವಳಿಗೆ ಭಯ ಹೋಗಬೇಕಿತ್ತು.

ಜಾಗ ಬಿಡಿಸುವ ಹೊತ್ತಿಗೆ ಸಂಜೆಯಾಗಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಲು ಹೋದರೆ ಇನ್ನೂರಕ್ಕೂ ಜಾಸ್ತಿ ಜಿಬಿ ಖಾಲಿ ಇದ್ದರೂ 48 ಜಿಬಿ ಮಾತ್ರ ಕೊಡುತ್ತೇನೆ ಅಂದಿತು. ಹೈಬರ್ನೇಷನ್ ಫೈಲು, ಪೇಜ್ ಫೈಲು, ಸಿಸ್ಟಂ ರಿಸ್ಟೋರ್ ಪಾಯಿಂಟುಗಳು ಡಿಸ್ಕಿನ ಮಧ್ಯೆ ಕೂತು ಅಲ್ಲಾಡುವುದಿಲ್ಲ. ಅವು ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಕೇಳಿದರೆ 190 ಜಿಬಿವರೆಗೆ ಒಪ್ಪಿಕೊಂಡಿತು. ನಾವು ತೆಗೆದುಕೊಂಡದ್ದು 120. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೊಡಬೇಕು, 1,22,880. ಪೇಜ್ ಫೈಲು, ರಿಸ್ಟೋರ್ ಎರಡನ್ನೂ ಮತ್ತೆ ಆನ್ ಮಾಡಿದೆ. ಹೈಬರ್ನೇಷನ್ ಮಾತ್ರ ಆಫ್ ಆಗೇ ಇರಲಿ ಅಂತ ಬಿಟ್ಟೆ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗುತ್ತದೆ. ಡ್ಯುಯಲ್ ಬೂಟ್‌ನಲ್ಲಿ ಅದು ಇರಬಾರದು. ಅದು ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಇನ್ನೊಂದು ಸಿಸ್ಟಂ ಅದರ ಡ್ರೈವಿಗೆ ಏನಾದರೂ ಬರೆದರೆ ಫೈಲುಗಳು ಕೆಡುತ್ತವೆ.

ಉಬುಂಟು

ಇದರ ಬಗ್ಗೆ ಹೇಳುವುದು ಕಡಿಮೆ. ಸುಮಾರು 6 ಜಿಬಿಯ ಐಎಸ್‌ಒ ಫೈಲನ್ನು ಅವಳು ಮೊದಲೇ ಇಳಿಸಿಕೊಂಡಿದ್ದಳು. ಫೈಲು ಕೆಡದೆ ಇಳಿದಿದೆಯಾ ಅಂತ ಚೆಕ್‌ಸಮ್ ತಾಳೆ ನೋಡಿ ರುಫಸ್ ಅನ್ನುವ ಪ್ರೋಗ್ರಾಂನಿಂದ ಪೆನ್‌ಡ್ರೈವ್ ಹೊಸದಾಗಿ ಮಾಡಿದೆವು. ಸೆಕ್ಯೂರ್ ಬೂಟ್ ಆನ್ ಇಟ್ಟೇ ಬೂಟ್ ಮಾಡಿದೆ. ಉಬುಂಟುವಿನ ಮೊದಲ ಬೂಟ್ ಪ್ರೋಗ್ರಾಂಗೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ, ಹಾಗಾಗಿ ಅದನ್ನು ಆಫ್ ಮಾಡುವ ಅಗತ್ಯವೇ ಇಲ್ಲ. ವಿಡಿಯೋದ ಆ ಒಂದು ಮಾತು ಇವರಿಗೆ ಒಂದು ದಿನ, ಒಂದು ರಾತ್ರಿ ನಿದ್ದೆಗೆಡಿಸಿತ್ತು.

ಈ ಸಲ ಡಿಸ್ಕ್ ಕಾಣಿಸಿತು. ಖಾಲಿ ಬಿಟ್ಟ 120 ಜಿಬಿಯಲ್ಲಿ ಒಂದೇ ಪಾರ್ಟಿಷನ್, ಲಿನಕ್ಸ್ ಬಳಸುವ ಎಕ್ಸ್‌ಟಿ4 ಬಗೆಯದು. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆ ಬೇರೆ ಪಾರ್ಟಿಷನ್ ಮಾಡಲಿಲ್ಲ, ಉಬುಂಟು ತಾನೇ ಒಂದು ಫೈಲ್ ಮಾಡಿಕೊಳ್ಳುತ್ತದೆ. ಡಿಸ್ಕಿನ ಶುರುವಿನಲ್ಲಿ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಇತ್ತು. ಎರಡೂ ಸಿಸ್ಟಂಗಳ ಬಾಗಿಲು ಅಲ್ಲೇ ಇರುವುದು. ಅದನ್ನೇ ಬಳಸಬೇಕು, ಫಾರ್ಮ್ಯಾಟ್ ಮಾಡಬಾರದು. ಇನ್‌ಸ್ಟಾಲ್ ಒತ್ತುವ ಮೊದಲು ಆ ಸಾಲನ್ನು ಅವಳಿಂದ ಎರಡು ಸಲ ಓದಿಸಿದೆ.

ಉಬುಂಟು ಎದ್ದ ಮೇಲೆ ಕೀಬೋರ್ಡ್‌ಗೆ ಕನ್ನಡದ ಕಗಪ ವಿನ್ಯಾಸ ಸೇರಿಸಿದೆ. ಕೆ.ಪಿ. ರಾವ್ ಅವರ ಜೋಡಣೆಯಿಂದ ಬಂದ ವಿನ್ಯಾಸ ಅದು, ನುಡಿಯಲ್ಲಿ ಅಪ್ಪ ಒತ್ತುವುದೂ ಅದನ್ನೇ. ತಂದೆ ಬಂದು ನಿಂತು ಕಣ್ಣು ಕೀಬೋರ್ಡ್ ಕಡೆ ಹಾಕದೆ ತಮ್ಮ ಪ್ರೆಸ್ಸಿನ ಹೆಸರು ಒತ್ತಿದರು. ತಪ್ಪಿಲ್ಲದೆ ಬಂತು. "ಇದರಾಗೂ ಕನ್ನಡ ಬರತೈತಲ್ಲ" ಅಂದು ಮಗಳ ಕಡೆ ನೋಡಿದರು.

ಬಾಗಿಲಲ್ಲಿ ಯಾರು ಮೊದಲು

ಸಾಮಾನ್ಯವಾಗಿ ಉಬುಂಟು ಹಾಕಿದ ಮೇಲೆ ಅದರ ಬೂಟ್ ಲೋಡರ್ ಆದ ಗ್ರಬ್‌ನ ಮೆನು ಮೊದಲು ಬರುತ್ತದೆ. ಅದರಲ್ಲಿ ಉಬುಂಟು ಬೇಕೋ ವಿಂಡೋಸ್ ಬೇಕೋ ಆರಿಸಿಕೊಳ್ಳುವುದು. ಹೆಚ್ಚಿನವರು ಹಾಗೇ ಬಿಡುತ್ತಾರೆ. ಈ ಮನೆಗೆ ಅದು ಸರಿ ಅನಿಸಲಿಲ್ಲ. ತಂದೆ ದಿನಕ್ಕೆ ಹತ್ತು ಗಂಟೆ ಈ ಯಂತ್ರ ಬಳಸುವವರು. ಗಿರಾಕಿ ಎದುರಿಗೆ ನಿಂತಿರುವಾಗ ಕಪ್ಪು ಪರದೆಯ ಮೇಲೆ ಪಟ್ಟಿ ನೋಡಿ ಆರಿಸುವುದು ಅವರಿಗೆ ಬೇಡದ ಕೆಲಸ.

ಇನ್ನೊಂದು ಕಾರಣ ತಾಂತ್ರಿಕವಾದದ್ದು, ಹೆಚ್ಚು ಮುಖ್ಯವಾದದ್ದು. ಬೀಗ ಮತ್ತೆ ಹಾಕುವುದಿತ್ತು. ಗ್ರಬ್ ಮೂಲಕ ವಿಂಡೋಸ್‌ಗೆ ಹೋದರೆ ಮೊದಲು ಓಡುವ ಪ್ರೋಗ್ರಾಂ ಉಬುಂಟುವಿನದು. ಚಿಪ್ಪಿನ ಅಳತೆ ಬೇರೆಯಾಗುತ್ತದೆ, 48 ಅಂಕಿ ಕೇಳಲು ಶುರು ಮಾಡುತ್ತದೆ. ಅದಕ್ಕೆ ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನೇ ಮೊದಲಿಟ್ಟೆ. ತಂದೆ ಆನ್ ಮಾಡಿದರೆ ನೇರ ವಿಂಡೋಸ್, ಮೊದಲಿನ ಹಾಗೇ. ಮಗಳು ಆನ್ ಮಾಡಿ ಎಫ್12 ಒತ್ತಿದರೆ ಪಟ್ಟಿ ಬರುತ್ತದೆ, ಉಬುಂಟು ಆರಿಸಿಕೊಳ್ಳುತ್ತಾಳೆ. ಕೆಲವು ಕಂಪನಿಗಳ ಯಂತ್ರದಲ್ಲಿ ಆ ಬಟನ್ ಎಫ್9 ಅಥವಾ ಎಸ್ಕೇಪ್ ಇರುತ್ತದೆ.

ಆಮೇಲೆ ತಂದೆಯ ಹೆಸರಿನಲ್ಲೇ ಮೈಕ್ರೋಸಾಫ್ಟ್ ಅಕೌಂಟ್ ಮಾಡಿ, ಎನ್‌ಕ್ರಿಪ್ಷನ್ ಆನ್ ಮಾಡಿ, ಹೊಸ ಕೀ ತೆರೆಯ ಮೇಲೆ ತರಿಸಿದೆ. ಅಕೌಂಟ್‌ನಲ್ಲಿ ಅದು ಇದೆ, ಆದರೂ ಕಾಗದದ ಮೇಲೆ ಇರಲಿ ಅಂದೆ. ತಂದೆ ಚೀಲದಿಂದ ಲೆಕ್ಕದ ವಹಿ ತೆಗೆದರು. ಕೆಂಪು ಬಟ್ಟೆಯ ಅಟ್ಟೆ, ಕಡೆಯ ಪುಟ. ಅವರು ಅಂಕಿ ಬರೆಯುವುದು ಕನ್ನಡದಲ್ಲೇ. ಆರರಂತೆ ಎಂಟು ಗುಂಪು, ನಿಧಾನವಾಗಿ ಬರೆದರು.

ಈ ಕೀಗೆ ಒಂದು ಒಳ್ಳೆಯ ಗುಣ ಇದೆ. ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ಪೂರ್ತಿ ಭಾಗವಾಗುತ್ತದೆ. ಬರೆದುಕೊಂಡದ್ದು ಸರಿ ಇದೆಯಾ ಅಂತ ಹೀಗೆ ನೋಡಬಹುದು. ಮಗಳು ವಹಿ ನೋಡಿ ಒಂದೊಂದೇ ಗುಂಪು ಓದಿ ಮೊಬೈಲಿನಲ್ಲಿ ಭಾಗಿಸಿದಳು. ಐದನೆಯ ಗುಂಪಿನಲ್ಲಿ ಶೇಷ ಬಂತು. ತೆರೆಯ ಮೇಲಿನದರ ಜೊತೆ ಹೋಲಿಸಿದರೆ ಅಪ್ಪ ಬರೆದದ್ದು ೬, ಮಗಳು ಓದಿದ್ದು ೯. ಕನ್ನಡದ ಆರು, ಒಂಬತ್ತು ಎರಡೂ ಅವಸರದ ಕೈಯಲ್ಲಿ ಒಂದೇ ಥರ ಕಾಣುತ್ತವೆ ಅಲ್ವಾ. ಅವರ ನಿಜವಾದ ಅಂಕಿ ಇಲ್ಲಿ ಬರೆಯಲಾರೆ, ಬೇರೊಂದು ಹೇಳುತ್ತೇನೆ. 416350 ಅನ್ನು 11ರಿಂದ ಭಾಗಿಸಿದರೆ ಸರಿಯಾಗಿ 37850. ಅದನ್ನೇ 419350 ಅಂತ ಓದಿದರೆ ಶೇಷ 8 ಉಳಿಯುತ್ತದೆ. ಒಂದು ಅಂಕಿ ತಪ್ಪಿದರೆ ಈ ಲೆಕ್ಕದ ಕೈಗೆ ಸಿಕ್ಕಿಬೀಳಲೇಬೇಕು.

ತಂದೆ ಆ ೬ರ ಕೆಳಗೆ ಕೆಂಪು ಪೆನ್ನಿನಲ್ಲಿ "ಆರು" ಅಂತ ಅಕ್ಷರದಲ್ಲಿ ಬರೆದರು. ಪ್ರೂಫ್ ತಿದ್ದುವವರ ಕೈ ಅದು.

ಮರುದಿನ ಬೆಳಗಿನ ಫೋನು

"ಸರ, ಅಂಗಡಿ ತಗದು ಆನ್ ಮಾಡೇನ್ರಿ. ಗ್ವಾಡಿ ಗಡಿಯಾರದಾಗ ಹತ್ತು, ಇದರಾಗ ನಾಕೂವರಿ."

ಐದೂವರೆ ತಾಸಿನ ವ್ಯತ್ಯಾಸ ಅಂದ ಕೂಡಲೇ ಕಾರಣ ಗೊತ್ತಾಗುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಉಬುಂಟು ಯುಟಿಸಿ ಅನ್ನುವ ಜಾಗತಿಕ ಸಮಯಕ್ಕೆ ಇಡುತ್ತದೆ. ವಿಂಡೋಸ್ ಅದನ್ನೇ ಇಲ್ಲಿನ ಸಮಯ ಅಂತ ತಿಳಿಯುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ರಾತ್ರಿ ಮಗಳು ಉಬುಂಟು ಬಳಸಿದಳು, ಬೆಳಿಗ್ಗೆ ಅಪ್ಪನಿಗೆ ಅಷ್ಟು ಹಿಂದೆ ಬಿದ್ದ ಗಡಿಯಾರ ಸಿಕ್ಕಿತು. ಅಂಗಡಿಯಲ್ಲಿ ಇಂಟರ್‌ನೆಟ್ ಬರುವುದು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದಾಗ ಮಾತ್ರ, ಹಾಗಾಗಿ ತಾನೇ ಸರಿಹೋಗಲೂ ಇಲ್ಲ.

ವಿಂಡೋಸ್‌ನ ರಿಜಿಸ್ಟ್ರಿಯಲ್ಲೂ ಇದನ್ನು ಸರಿಮಾಡಬಹುದು. ಆದರೆ ಅಪ್ಪನ ಕಡೆ ಇನ್ನು ಏನನ್ನೂ ಮುಟ್ಟಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಸಂಜೆ ಮಗಳಿಗೆ ಫೋನಿನಲ್ಲಿ ಹೇಳಿದೆ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅನ್ನುವ ಒಂದೇ ಸಾಲಿನ ಕಮಾಂಡ್, ಒಳಗಿನ ಗಡಿಯಾರವನ್ನು ಇಲ್ಲಿನ ಸಮಯಕ್ಕೇ ಇಡು ಅಂತ. ಅದು ಒಂದು ಎಚ್ಚರಿಕೆ ತೋರಿಸುತ್ತದೆ. ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಅದರಿಂದ ತೊಂದರೆ ಆಗಬಹುದು. ನಮ್ಮಲ್ಲಿ ಆ ಪದ್ಧತಿ ಇಲ್ಲ.

ಪೆನ್‌ಡ್ರೈವ್ ಅಳಿಸಬೇಡ ಅಂತಲೂ ಹೇಳಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ವಿಂಡೋಸ್‌ನ ಒಂದು ಭದ್ರತಾ ಅಪ್‌ಡೇಟ್‌ನಿಂದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದೆ ನಿಂತಿತ್ತು. ಹಳೇ ಬೂಟ್ ಪ್ರೋಗ್ರಾಂಗಳನ್ನು ಸೆಕ್ಯೂರ್ ಬೂಟ್ ಒಪ್ಪದ ಹಾಗೆ ಅದು ಮಾಡಿತ್ತು. ಎರಡು ಸಿಸ್ಟಂ ಒಂದೇ ಬಾಗಿಲು ಬಳಸುವ ಕಡೆ ಇಂಥದ್ದು ಆಗುತ್ತಿರುತ್ತದೆ. ಹೊರಗಿನಿಂದ ಬೂಟ್ ಮಾಡಿ ನೋಡಲು ಒಂದು ಪೆನ್‌ಡ್ರೈವ್ ಕೈಯಲ್ಲಿರಬೇಕು.

ನಲವತ್ತು ಪತ್ರಿಕೆಗಳೂ ಹೊತ್ತಿಗೆ ಸರಿಯಾಗಿ ಅಚ್ಚಾದವು. ಫೆಬ್ರವರಿಯಲ್ಲಿ ಒಂದು ರಾತ್ರಿ ಮಗಳು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹೊಸ ಬಯೋಸ್ ಇಳಿಸಿ ಪೆನ್‌ಡ್ರೈವ್‌ನಿಂದ ಹಾಕಿದಳು. ಹಾಕಿದ ಮೇಲೆ ಸಾಟಾ ಮೋಡ್ ಮತ್ತೆ ಆರ್‌ಎಸ್‌ಟಿಗೆ ಹೋಗಿತ್ತು. ಅದನ್ನು ಎಎಚ್‌ಸಿಐ ಮಾಡಿದಳು. ಆನ್ ಮಾಡಿದರೆ ಅದೇ ನೀಲಿ ಪರದೆ, ಅದೇ 48 ಅಂಕಿ. ಈ ಸಲ ನನಗೆ ಫೋನ್ ಬರಲಿಲ್ಲ. ಅಪ್ಪ ವಹಿಯ ಕಡೆಯ ಪುಟ ತೆಗೆದು ಒಂದೊಂದೇ ಗುಂಪು ಓದಿದರಂತೆ, ಅವಳು ಒತ್ತುತ್ತಾ ಹೋದಳಂತೆ. ಐದನೆಯದಕ್ಕೆ ಬಂದಾಗ ಅಪ್ಪ ಸ್ವಲ್ಪ ತಡೆದು "ಆರು, ಒಂಬತ್ತಲ್ಲ" ಅಂದರಂತೆ. ಮರುದಿನ ಮಗಳು ಇದನ್ನೆಲ್ಲ ಮೆಸೇಜಿನಲ್ಲಿ ಬರೆದು ಕಳಿಸಿದಳು, ಕನ್ನಡದಲ್ಲಿ, ಉಬುಂಟುವಿನಿಂದ.